ಪೆಟ್ಟಿಗೆಯೊಳಗೆ ಉಸಿರಾಡಿದ ಹೆಂಗಸು

ಟಿ. ನರಸೀಪುರದ ಆ ಟೆಂಟ್ ಸಿನಿಮಾದಲ್ಲಿ ಅವತ್ತು ನಾನಿದ್ದೆನೋ ಇಲ್ಲವೋ ನನಗೆ ಖಚಿತವಿಲ್ಲ. ಇದ್ದೆ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮರಳಿನ ಮೇಲೆ ಕೂತಿದ್ದು, ಮುಂದೆ ಕೂತವರ ತುರುಬು ಅಡ್ಡ ಬಂದಿದ್ದು, ಕಪ್ಪು ನಿಲುವಂಗಿಯ ಬಿಳಿಚಿಕೊಂಡ ದೊರೆಯೊಬ್ಬ ಪರದೆಯ ಮೇಲೆ ಮೆಟ್ಟಿಲಿಳಿದು ಬಂದಿದ್ದು, ಎಲ್ಲ ನೆನಪಿದೆ. ಆದರೆ ಅಮ್ಮ ಬೇರೆಯದೇ ಹೇಳುತ್ತಾಳೆ. ಆ ಬೇಸಿಗೆಯಲ್ಲಿ ನನಗೆ ಸೀತಾಳೆ ಸಿಡುಬು ಎದ್ದಿತ್ತಂತೆ, ಬೇವಿನ ಸೊಪ್ಪು ಹಾಸಿದ ಚಾಪೆ ಬಿಟ್ಟು ಹದಿನೈದು ದಿನ ಕದಲಿರಲಿಲ್ಲವಂತೆ. ಹಾಗಾದರೆ ನಾನು ನೋಡಿದ್ದೇನು? ಸೋದರಮಾವ ಹೇಳಿದ್ದನ್ನು ಕೇಳಿ ಕೇಳಿ, ಕೇಳಿದ್ದೇ ನೋಡಿದ್ದಾಗಿಬಿಟ್ಟಿತೇ? ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಸಾಕ್ಷ್ಯ ಎಲ್ಲಿ, ಸಾಕ್ಷ್ಯ ಎಲ್ಲಿ ಎಂದು ವಿದ್ಯಾರ್ಥಿಗಳ ಪ್ರಾಣ ತಿನ್ನುವವನು. ನನ್ನ ಬಾಲ್ಯಕ್ಕೇ ಸಾಕ್ಷ್ಯವಿಲ್ಲ.

ಈ ಅನುಮಾನವನ್ನು ನನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಇಟ್ಟುಕೊಳ್ಳಲಿಲ್ಲ. ನಂಜನಗೂಡಿನ ಒಂದು ಸಭಾಂಗಣದಲ್ಲಿ, ತುಂಬಿದ ಜನರ ಮುಂದೆ, ಮೈಕ್ ಹಿಡಿದು ನನ್ನ ಸೋದರಮಾವನನ್ನು ಸುಳ್ಳುಗಾರನನ್ನಾಗಿ ಮಾಡಿದೆ. ಅಂದಿನಿಂದ ಮಾವ ನನ್ನ ಜೊತೆ ಮಾತು ಬಿಟ್ಟ. ಎಪ್ಪತ್ತು ದಾಟಿದ ಮನುಷ್ಯ. ಜೀವನದಲ್ಲಿ ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕೆಲಸ ಒಂದೇ ಒಂದು. ಅದನ್ನೇ ಅಲ್ಲಗಳೆದೆ.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಾವ ಆ ಟೆಂಟಿನಲ್ಲಿ ಗೇಟ್ ಕಾಯುತ್ತಿದ್ದ. ಹೊಸ ಕನ್ನಡ ಚಿತ್ರದ ರೀಲಿನ ಡಬ್ಬ ಸಿಗದ ವಾರಗಳಲ್ಲಿ ಟೆಂಟಿನ ಯಜಮಾನರು ಎಲ್ಲಿಂದಲೋ ಹಳೆಯ ಬ್ರಿಟಿಷ್ ರಕ್ತಪಿಶಾಚಿ ಚಿತ್ರಗಳನ್ನು ತರಿಸುತ್ತಿದ್ದರು. ಗೀರು ಬಿದ್ದು, ನಾಲ್ಕು ಕಡೆ ಅಂಟಿಸಿದ ರೀಲುಗಳು. ಇಂಗ್ಲಿಷ್ ಮಾತು ತಿಳಿಯದೆ ಜನ ಎದ್ದು ಹೋದರೆ? ಅದಕ್ಕೇ ಮಾವನ ಕೈಗೆ ಮೈಕ್ ಕೊಟ್ಟರು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯದಲ್ಲೂ ನಪಾಸಾಗಿ ಇಂಗ್ಲಿಷ್ ಒಂದರಲ್ಲಿ ಪಾಸಾಗಿದ್ದವನು ಅವನು, ಅದೇ ಅರ್ಹತೆ. ಪರದೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅರ್ಧ ಅರ್ಥವಾಗುತ್ತಿತ್ತು, ಅರ್ಧ ಕಟ್ಟುತ್ತಿದ್ದ.

ಆ ಚಿತ್ರಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು, ನನಗೆ ಸಿಟ್ಟು ಹತ್ತುವುದು ಅಲ್ಲಿಂದಲೇ. ಕಡಿಮೆ ದುಡ್ಡಿನಲ್ಲಿ ತೆಗೆದ ಚಿತ್ರಗಳು ಎಂಬುದನ್ನು ಯಾರೂ ಹೇಳಬೇಕಿಲ್ಲ, ಕಣ್ಣಿಗೇ ಕಾಣುತ್ತದೆ. ಒಂದು ಚಿತ್ರದಲ್ಲಿ ಮುಂದಿನಿಂದ ತೋರಿಸಿದ ಕೋಟೆಯನ್ನೇ ಇನ್ನೊಂದರಲ್ಲಿ ಹಿಂದಿನಿಂದ ತೋರಿಸುತ್ತಾರೆ. ಕಾಡು ಎಂದರೆ ಹತ್ತು ಮರ. ಸಾರೋಟು ಆ ಹತ್ತು ಮರವನ್ನೇ ಸುತ್ತುತ್ತದೆ. ಗೋಡೆ ಹಲಗೆಯದೆಂದು ತಿಳಿಯದಿರಲಿ ಎಂದು ಮಂಜು ಬಿಡುತ್ತಾರೆ. ರಕ್ತದ ಬಣ್ಣವೋ, ಕುಂಕುಮ ಕಲಸಿದ ನೀರಿನದು. ಆದರೆ ಆ ನಟರನ್ನು ನೋಡಿ. ಒಬ್ಬನೂ ಕಣ್ಣು ಮಿಟುಕಿಸುವುದಿಲ್ಲ, 'ಇದು ತಮಾಷೆ ಅಂತ ನನಗೂ ಗೊತ್ತು' ಎಂಬ ಮುಖ ಮಾಡುವುದಿಲ್ಲ. ವೈದ್ಯ ಕಿಟಕಿಗೆ ಬೆಳ್ಳುಳ್ಳಿ ಕಟ್ಟುವಾಗ ತಹಸೀಲ್ದಾರರು ಕಾಗದಕ್ಕೆ ಮೊಹರು ಒತ್ತುವಷ್ಟೇ ಗಂಭೀರವಾಗಿರುತ್ತಾನೆ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಬರೆದ ದೆವ್ವಗಳನ್ನು ನೋಡುತ್ತಾ ನಾನು ಆರಾಮಾಗಿ ಕಡಲೆಕಾಯಿ ಸುಲಿಯಬಲ್ಲೆ. ಈ ಹಲಗೆ ಕೋಟೆಯ ಬಾಗಿಲು ಕಿರ್ರೆಂದರೆ ಈಗಲೂ ಕೈ ನಿಲ್ಲುತ್ತದೆ.

ಇದಕ್ಕೆ ಓದಿಕೊಂಡ ಜನ 'ಕೆಟ್ಟದಾಗಿರುವುದೇ ಅದರ ಚೆಂದ' ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಚಿತ್ರ ಇಷ್ಟವೂ ಆಗಬೇಕು, ಇಷ್ಟಪಟ್ಟ ಹೊಣೆಯೂ ಬೇಡ ಎನ್ನುವವರ ಮಾತು ಅದು. ನಂಜನಗೂಡಿನ ನಮ್ಮ ಸಿನಿಮಾ ಬಳಗದಲ್ಲಿ ಅಂಥವರೇ ಹೆಚ್ಚು. ಹೌದು, ಬಳಗವನ್ನು ಕಟ್ಟಿದವನು ನಾನೇ. ಪಕ್ಕದ ತಾಂಡ್ಯದ ಕಾರ್ಖಾನೆಗಳ ಕೆಲವು ಎಂಜಿನಿಯರುಗಳು, ಒಂದಷ್ಟು ಮೇಷ್ಟರುಗಳು, ಬ್ಯಾಂಕಿನವರು ಸೇರಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಚಿತ್ರ ನೋಡುತ್ತೇವೆ.

ನಾನು ಮಾವನನ್ನು ಅಲ್ಲಗಳೆದ ಆ ಭಾನುವಾರ ಹಳೆಯ ಬ್ರಿಟಿಷ್ ರಕ್ತಪಿಶಾಚಿ ಚಿತ್ರವೊಂದನ್ನು ಹಾಕಿದ್ದೆವು. ಮಾತಾಡಲು ಮೈಸೂರಿನಿಂದ ಒಬ್ಬ ಸಂಶೋಧಕನನ್ನು ಕರೆಸಿದ್ದೆ. ಚುರುಕಾದ ಹುಡುಗ, ಇದೇ ವಿಷಯದ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾನೆ. ಕಳಲೆಯಿಂದ ಮಾವನನ್ನೂ ಕರೆತಂದಿದ್ದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೇ ಸಾಲಿನಲ್ಲಿ ಕೂತಿದ್ದ. ಚಿತ್ರ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ನನ್ನ ಮೊಣಕೈ ಹಿಡಿದ.

"ಇದೇ ಕಣ್ಲಾ. ನಾನು ಕತೆ ಯೋಳಿದ್ದು ಇದೇಯ."

ಚಿತ್ರದ ಕೊನೆಯ ಹೊತ್ತಿಗೆ ಒಂದು ದೃಶ್ಯವಿದೆ. ದೊರೆಯಿಂದ ಕಡಿತಕ್ಕೊಳಗಾದ ಹುಡುಗಿಯನ್ನು ಸತ್ತಳೆಂದು ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿಸಿರುತ್ತಾರೆ. ಅವಳೂ ಪಿಶಾಚಿಯಾಗಿ ಏಳುತ್ತಾಳೆ ಎಂಬ ಭಯಕ್ಕೆ ವೈದ್ಯ ಎದೆಗೆ ಹೊಡೆಯಲು ಮರದ ಗೂಟ, ಸುತ್ತಿಗೆ ತರುತ್ತಾನೆ. ಕ್ಯಾಮೆರಾ ಅವಳ ಮೇಲೆ ನಿಂತಿರುವಾಗ ಅವಳ ಎದೆ ಏರಿಳಿಯುತ್ತದೆ. ಪಾಪ, ನಟಿ ಎಷ್ಟು ಹೊತ್ತು ಉಸಿರು ಬಿಗಿಹಿಡಿದಾಳು?

ಸಂಶೋಧಕ ಕೂತಲ್ಲಿಂದಲೇ ಕೂಗಿದ. "ನೋಡಿ ಸರ್, ಹೆಣ ಉಸಿರಾಡ್ತಿದೆ! ಬಜೆಟ್ ಇಲ್ಲ ಅಂದ್ರೆ ಹೆಣಕ್ಕೂ ರೀಟೇಕ್ ಇಲ್ಲ!"

ಸಭಾಂಗಣ ನಕ್ಕಿತು. ನಾನೂ ನಕ್ಕೆ.

"ನಗ್ಬ್ಯಾಡ್ರಪ್ಪ," ಅಂದ ಮಾವ, ಜೋರಾಗಿಯೇ. "ಆಯಮ್ಮ ಬದ್ಕವ್ಳೆ."

ನಗು ದುಪ್ಪಟ್ಟಾಯಿತು.

ಚಿತ್ರ ಮುಗಿದ ಮೇಲೆ ಮಾವನನ್ನು ವೇದಿಕೆಗೆ ಕರೆದೆ. ಮೈಕ್ ಕೈಗೆ ಬಂದೊಡನೆ ಅವನ ಬೆನ್ನು ನೆಟ್ಟಗಾಯಿತು. ಅವನು ಹೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಮಾತು ಹೆಚ್ಚುಕಡಿಮೆ ಆಗಿರಬಹುದು.

"ಆ ಉಡ್ಗಿ ಬೆಳಗಾಗ ಮಂಚದ ಮ್ಯಾಲೆ ಬಿದ್ದವ್ಳೆ, ಕುತ್ಗೇಲಿ ಎಲ್ಡು ಚುಕ್ಕೆ. ಏನಂತ ಯೋಳಾದಪ್ಪಾ ಅಂತ ನಾನು ಬಾಯಿ ತೆಗ್ಯಕ್ಕೆ ಮುಂಚೇನೇ ಎಂಗಸ್ರು ಕಡೇಲಿ ಯಾರೋ ಕೂಗುದ್ರು, 'ಆವು ಕಚ್ಚೈತೆ ಕಣ್ರವ್ವಾ!' ಅಂತ. ಇಡೀ ಟೆಂಟು ಆವು ಆವು ಅಂತು. ಇನ್ನು ನಾನು ಪಿಶಾಚಿ ಅಂದ್ರೆ ಯಾರು ಕೇಳಾರು? ಅವನು ನಂಜಿನ ದೊರೆ, ನಾಗದೋಸ ಇರೋನು ಅಂದ್ಬುಟ್ಟೆ. ಎಲ್ಲಾ ಸರೋಯ್ತು."

ಎಲ್ಲ ಸರಿಹೋಗುತ್ತಿತ್ತು, ನಿಜ. ನಮ್ಮ ಕಡೆ ಹಾವು ಬಾರದಿರಲಿ ಎಂದು ಹೊಸಿಲಿಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ. ವೈದ್ಯ ಕಿಟಕಿಗೆ ಬೆಳ್ಳುಳ್ಳಿ ಕಟ್ಟಿದಾಗ ಆ ಜನಕ್ಕೆ ವಿವರಣೆಯೇ ಬೇಕಿರಲಿಲ್ಲ. ದೊರೆ ಹಗಲು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ಮಲಗುತ್ತಾನೆ, ಅದು ಹುತ್ತ. ನಿಲುವಂಗಿಯನ್ನು ಎರಡು ಕೈಯಲ್ಲಿ ಬಿಚ್ಚಿ ನಿಲ್ಲುತ್ತಾನೆ, ಅದು ಹೆಡೆ. ಚಿತ್ರಕ್ಕೆ ಮುಂಚೆ ಸಂಶೋಧಕ ಅರ್ಧ ಗಂಟೆ ಮಾತಾಡಿಯೂ ತೋರಿಸಲಾಗದ ಹೊಂದಿಕೆ ಆ ತಪ್ಪಿನಲ್ಲಿತ್ತು.

ಮಾವ ಮುಂದುವರಿಸಿದ. "ಕಡೇಗೆ ಈ ಪೆಟ್ಟಿಗೆ ಬಂತು. ಡಾಕುಟ್ರು ಗೂಟ ತಕಂಡು ಬಂದ. ಆಯಮ್ಮ ನೋಡಿದ್ರೆ ಉಸ್ರಾಡ್ತಾ ಅವ್ಳೆ. ನಂಜೇರಿ ಮಲಗವ್ಳೆ ಅಷ್ಟೆಯ, ಸತ್ತಿಲ್ಲ. ಜನ ಎದ್ ನಿಂತ್ಬುಟ್ರು. 'ಒಡೀಬ್ಯಾಡ್ರೋ, ನಂಜು ಇಳ್ಸೋ ದೇವ್ರ ತಾವ್ಕೆ, ನಂಜನಗೂಡಿಗೆ ಕರ್ಕೊಂಡೋಗ್ರೋ' ಅಂತ ಒಂದೇ ಬೊಬ್ಬೆ. ನಾನು ಆಪರೇಟ್ರಿಗೆ ಕೂಗಿ ಆ ಗೂಟ ಒಡ್ಯೋದು ಕಾಣ್ದಂಗೆ ಮಾಡುಸ್ದೆ. ಸಾರೋಟಿನಲ್ಲಿ ನಂಜನಗೂಡಿಗೆ ಕರ್ಕಂಡೋದ್ರು, ಕಪಿಲೇಲಿ ಮೀಯ್ಸುದ್ರು, ತೀರ್ಥ ಕೊಟ್ರು, ಮೂರ್ನೇ ದಿನ ಕಣ್ಬುಟ್ಲು ಅಂತ ಕತೆ ಮುಗುಸ್ದೆ. ಎಂಗಸ್ರು ಅಳ್ತಾ ಎದ್ದೋದ್ರು."

ಸಂಶೋಧಕ ಮುಗುಳ್ನಕ್ಕು ಮೈಕ್ ಎತ್ತಿಕೊಂಡ. ಇಂಥ ವಿವರಣೆಕಾರರು ಈ ಕಡೆಯ ಟೆಂಟುಗಳಲ್ಲಿ ಇದ್ದರೆಂಬುದಕ್ಕೆ ತನ್ನ ಕಣ್ಣಿಗೆ ಒಂದೂ ದಾಖಲೆ ಬಿದ್ದಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿ, "ಸರ್, ನೀವೇ ಹೇಳಿ, ನೀವು ಅಲ್ಲಿದ್ರಾ?" ಎಂದು ಕೇಳಿದ.

ಇದ್ದೆ ಎನ್ನಬಹುದಿತ್ತು. ಇರಲಿಲ್ಲ ಎನ್ನಬಹುದಿತ್ತು. ನಾನು ಮಾಡಿದ್ದೇನು? ಐದು ವರ್ಷ ವಿಶ್ವವಿದ್ಯಾಲಯದಲ್ಲಿ ಕಲಿತ ಧ್ವನಿಯಲ್ಲಿ, ನೆನಪು ನಂಬಲರ್ಹವಲ್ಲ, ವಯಸ್ಸಾದಂತೆ ಮನಸ್ಸು ಕತೆ ಕಟ್ಟುತ್ತದೆ ಎಂದು ಶುರುಮಾಡಿದೆ. ಕೊನೆಗೆ ಮಾವನ ಕಡೆ ತಿರುಗಿ, "ಇದೂ ನಿಮ್ಮ ಕಲ್ಪನೆಯೇ ಇರಬಹುದು ಅಲ್ಲವೇ?" ಎಂದೆ.

ಮಾವ ಮೈಕನ್ನು ಮೇಜಿನ ಮೇಲೆ ಇಟ್ಟ. ಮೆಟ್ಟಿಲಿಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು, ಹೊರಗೆ ಹೋದ. ನಾನು ಹೋಗಿ ನೋಡುವಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು.

ಮರುವಾರ ಸಂಶೋಧಕ ಅಂತರ್ಜಾಲದಲ್ಲಿ ಇದನ್ನೇ ಬರೆದು ಹಾಕಿದ. ಮಾವನ ಮಾತಿಗೆ ಅವನು ಕೊಟ್ಟ ಹೆಸರು 'ಜನಪದರ ಸುಂದರ ಸುಳ್ಳು'. ಸುಂದರ! ಆ ಒಂದು ಪದಕ್ಕೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಫೋನ್ ಮಾಡಿ ಕೂಗಾಡಿದೆ. ತೆಗೆದುಹಾಕಿ ಎಂದೆ. ಅವನು ಪೂರ್ತಿ ಕೇಳಿಸಿಕೊಂಡು, ಮೆತ್ತಗೆ, "ಸರ್, ನಾನು ದಾಖಲೆ ಇಲ್ಲ ಅಂದೆ ಅಷ್ಟೆ. ಕಲ್ಪನೆ ಅಂದಿದ್ದು ನೀವಲ್ವಾ?" ಎಂದ. ಫೋನ್ ಇಟ್ಟೆ. ಸಿಟ್ಟು ಇಳಿಯಲಿಲ್ಲ, ಎಲ್ಲಿಗೆ ಹೋಗಬೇಕೋ ತಿಳಿಯದೆ ಮನೆಯೊಳಗೇ ಸುತ್ತಾಡಿತು. ಎರಡು ದಿನ ಹೆಂಡತಿಯ ಮೇಲೆ, ಪ್ರಶ್ನೆಪತ್ರಿಕೆಗಳ ಮೇಲೆ, ಪಕ್ಕದ ಮನೆಯವರ ಮೋಟಾರಿನ ಸದ್ದಿನ ಮೇಲೆ ತೀರಿಸಿಕೊಂಡೆ.

ಆ ಚಿತ್ರಗಳಲ್ಲಿ ಯಾವಾಗಲೂ ಒಂದು ಹೋಟೆಲಿರುತ್ತದೆ. ಊರಿನವರು ಕೂತು ಕುಡಿಯುತ್ತಿರುತ್ತಾರೆ. ಪೇಟೆಯಿಂದ ಓದಿದ ಪ್ರವಾಸಿಯೊಬ್ಬ ಬಂದು ಕೋಟೆಗೆ ದಾರಿ ಕೇಳುತ್ತಾನೆ. ಎಲ್ಲರೂ ಸುಮ್ಮನಾಗುತ್ತಾರೆ. ಹೋಗಬೇಡಿ ಎಂದು ಯಾರೋ ಒಬ್ಬರು ಹೇಳಿದರೆ ಪ್ರವಾಸಿ ನಗುತ್ತಾನೆ. ನಾನು ಇಷ್ಟು ಸಲ ನೋಡಿದ್ದೇನೆ, ಪ್ರತಿ ಸಲವೂ ಆ ಪ್ರವಾಸಿಯನ್ನು ಬೈದಿದ್ದೇನೆ. ನಂಜನಗೂಡಿನ ಆ ವೇದಿಕೆಯ ಮೇಲೆ ಅವನ ಪಾತ್ರ ನನ್ನದಾಗಿತ್ತು.

ಮೂರನೇ ವಾರ ಕಳಲೆಗೆ ಹೋದೆ. ಮಾವ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದ. ತಲೆ ಎತ್ತಲಿಲ್ಲ. ಅತ್ತೆ ಕಾಫಿ ತಂದಿಟ್ಟು ಒಳಗೆ ಹೋದಳು.

"ಮಾವ, ತಪ್ಪಾಯ್ತು."

"ಯಾವ್ದು?"

"ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು."

"ಜನ್ರ ಮುಂದೆ ಅಂದಿದ್ದು ತಪ್ಪಾ, ಅಂದಿದ್ದೇ ತಪ್ಪಾ?" ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದ. "ಉಟ್ಟಿದಾಗ್ನಿಂದ ನನ್ನ ನೀನು ಅಂತಿದ್ದೋನು, ಅವತ್ತು ಮೈಕ್‌ನಾಗೆ 'ನಿಮ್ಮ ಕಲ್ಪನೆ' ಅಂದೆ. ನಿಮ್ಮ! ಅಲ್ಲೇ ತಿಳೀತು ನಂಗೆ, ಇವ್ನು ನನ್ನ ಕೈ ಬುಟ್ಟ ಅಂತ."

ನನಗೆ ಆ ಪದ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಅಥವಾ ಅವನು ಹೇಳಿದ್ದರಿಂದ ನೆನಪಾದಂತಾಯಿತು.

"ಈಗಾದ್ರೂ ನಂಬ್ತೀಯಾ?" ಎಂದು ಕೇಳಿದ.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳು ಹೇಳಿ ಮೊದಲಿನದನ್ನು ತೊಳೆಯುವುದು ನನ್ನಿಂದ ಆಗಲಿಲ್ಲ. "ಗೊತ್ತಿಲ್ಲ ಮಾವ," ಅಂದೆ.

ಮಾವ ಮೊರ ಕೆಳಗಿಟ್ಟ. "ಗೊತ್ತಿಲ್ಲ ಅನ್ನಕ್ಕೆ ಬಸ್ಸತ್ಕಂಡು ಇಷ್ಟು ದೂರ ಬಂದ್ಯಾ? ಅಲ್ಲೇ ಕುಂತು ಗೊತ್ತಿಲ್ಲ ಅಂದಿದ್ರೆ ಇಲ್ಲೀಗಂಟ ಕೇಳುಸ್ತಿತ್ತು. ಕಾಪಿ ಕುಡ್ದು ಓಗು. ಗೊತ್ತಾದ್ ಮ್ಯಾಲೆ ಬಾ."

ಗೊತ್ತುಮಾಡಿಕೊಳ್ಳುವುದು ಹೇಗೆ? ಟೆಂಟು ಎತ್ತಿ ಎಷ್ಟೋ ವರ್ಷವಾಗಿದೆ. ಯಜಮಾನರಿಲ್ಲ, ಆಪರೇಟರ್ ಇಲ್ಲ. ಟಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ, ಟೀ ಅಂಗಡಿಗಳಲ್ಲಿ, ವಯಸ್ಸಾದವರನ್ನು ನಿಲ್ಲಿಸಿ ಕೇಳುತ್ತಾ ನಾಲ್ಕು ಶನಿವಾರ ಕಳೆದೆ. ಟೆಂಟಿನ ನೆನಪು ಎಲ್ಲರಿಗೂ ಇತ್ತು, ಕನ್ನಡ ಚಿತ್ರಗಳದು. ಒಬ್ಬರು, "ಇಂಗ್ಲಿಸಾ? ಅದ್ಯಾಕೆ ನೋಡವು ಸಾ, ಕನ್ನಡದ್ದೇ ನಿಂತ್ಕಂಡು ನೋಡ್ತಿದ್ದೋ," ಎಂದು ನಕ್ಕರು. ಒಳಗೊಳಗೇ ನನಗೆ ಮಾವನ ಮೇಲೂ ಸಿಟ್ಟು ಬರತೊಡಗಿತ್ತು. ಸುಳ್ಳಾದರೆ ಸುಳ್ಳು ಎಂದು ಒಪ್ಪಿಕೊಂಡು ಮುಗಿಸಬಾರದೇ ಈ ಮುದುಕ?

ನಮ್ಮ ಕಾಲೇಜಿನ ಅಟೆಂಡರ್ ಸೋಮನಾಥಪುರದವನು. ನನ್ನ ಓಡಾಟ ನೋಡಿ, "ಸಾ, ನಮ್ಮವ್ವನ್ ಕೇಳಿ. ಟೆಂಟಿಗೆ ಬಂದ ಸಿನ್ಮಾ ಒಂದೂ ಬುಟ್ಟಿಲ್ಲ ಅವ್ಳು," ಎಂದ. ಒಂದು ಮಧ್ಯಾಹ್ನ ಅವನ ಜೊತೆ ಹೋದೆ. ಅವನಿಗೆ ಮೊದಲೇ ತಾಕೀತು ಮಾಡಿದ್ದೆ, ವಿಷಯ ಏನೆಂದು ತಾಯಿಗೆ ಹೇಳಕೂಡದು. ಸಾಕ್ಷಿಯ ಬಾಯಿಗೆ ನಾವೇ ಮಾತು ತುಂಬಿದರೆ ಸಾಕ್ಷ್ಯ ಕೆಟ್ಟಿತು. ಆಕೆ ಹಿತ್ತಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಅವ್ವಾ, ಟೆಂಟಿನಲ್ಲಿ ಯಾವತ್ತಾದರೂ ಇಂಗ್ಲಿಷ್ ಚಿತ್ರ ನೋಡಿದ್ದಿರಾ?"

"ಒಂದೇ ಒಂದು ನೋಡಿವ್ನಿ ಕಣಪ್ಪ," ಎಂದರು. "ಇಂಗ್ಲಿಸ್ ಸಿನ್ಮಾ, ದೇವರ್ ಸಿನ್ಮಾ."

"ದೇವರದಾ?"

"ಊಂ. ನಂಜನಗೂಡಪ್ಪನ್ ಮೈಮೆ. ಬಿಳೀ ಉಡ್ಗಿ ಒಬ್ಳಿಗೆ ಆವು ಕಚ್ಚಿರ್ತದೆ. ಸತ್ತೋದ್ಲು ಅಂತ ಪೆಟ್ಟಿಗೇಲಿ ಆಕಿರ್ತಾರೆ. ಎದೆಗೆ ಗೂಟ ಒಡ್ಯಕ್ಕೆ ಒಬ್ಬ ಬತ್ತಾನೆ. ನಾವೆಲ್ಲ ಬ್ಯಾಡ ಬ್ಯಾಡ ಅಂತ ಕೂಗ್ಕತಾ ಇದ್ದೋ. ಆವಾಗ ಬಂತು ನೋಡು, ಪರದೆ ತುಂಬ ಕೈ."

"ಯಾರ ಕೈ?"

"ನಂಜುಂಡಪ್ಪಂದು! ಇಷ್ಟಗಲ, ಕರ್ರಗೆ, ಐದು ಬೆಳ್ಳು. ನಿಲ್ಸು ಅಂದಂಗೆ." ಅವರೆಕಾಯಿ ಹಿಡಿದ ಕೈಯನ್ನೇ ಎತ್ತಿ ತೋರಿಸಿದರು. "ನಾನು ಅಲ್ಲೇ ಕೈ ಮುಗ್ದೆ. ಆಮ್ಯಾಕೆ ಆ ಉಡ್ಗೀನ ನಂಜನಗೂಡಿಗೆ ಕರ್ಕಂಡೋದ್ರು, ಬದೀಕಂಡ್ಲು. ಅದು ಕಾಣ್ನಿಲ್ಲ. ಒಬ್ಬಪ್ಪ ಮೈಕ್‌ನಾಗೆ ಯೋಳ್ದ. ಬೋ ಚೆಂದಾಗಿ ಯೋಳ್ದ."

ಆ ಒಬ್ಬಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕೈಯ ಸುದ್ದಿಯನ್ನು ಮಾವ ಯಾವತ್ತೂ ಎತ್ತಿರಲಿಲ್ಲ. ಕಾಣದ ಹಾಗೆ ಮಾಡಿಸಿದೆ ಎಂದಷ್ಟೇ ಹೇಳುತ್ತಿದ್ದ. ಮರುದಿನವೇ ಕಳಲೆಗೆ ಹೋದೆ. ಅಲ್ಲಿಯೂ ಮೊದಲು ಕೇಳಿದ್ದು ಪ್ರಶ್ನೆಯನ್ನೇ.

"ಮಾವ, ಆ ದೃಶ್ಯ ಕಾಣದ ಹಾಗೆ ಹೇಗೆ ಮಾಡಿಸಿದೆ? ರೀಲ್ ಕತ್ತರಿಸಿದರಾ?"

"ಕತ್ರಿಸಕ್ಕೆ ಅದೇನ್ ನಮ್ಮಪ್ಪನ್ ರೀಲಾ? ಮುಚ್ಲಾ ಅಂತ ಕೂಗ್ದೆ. ಆಪರೇಟ್ರು ಬೆಳಕಿಗೆ ಅಂಗೈ ಅಡ್ಡ ಇಕ್ದ."

ಆಗ ಸೋಮನಾಥಪುರದ ಆ ತಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಮಾವ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ.

"ನಂಜುಂಡಪ್ಪನ್ ಕೈಯಂತಾ?" ಎಂದ, ನಗು ತಡೆಯಲಾಗದೆ. "ಲೇ, ಇನ್ನೊಂದು ಕೈಲಿ ಬೀಡಿ ಇಡ್ಕಂಡಿದ್ದ ಕಣ್ಲಾ ಆ ಬಡ್ಡೀಮಗ!" ಅಡಿಗೆಮನೆಯ ಕಡೆ ತಿರುಗಿ ಕೂಗಿದ. "ಏ ಇವ್ಳೇ, ಇವ್ನಿಗೂ ಮುದ್ದೆ ಕಟ್ಟು."

ಸಂಶೋಧಕನಿಗೆ ಇದನ್ನೆಲ್ಲ ಬರೆದು ಕಳಿಸಿದೆ. 'ತುಂಬಾ ಕ್ಯೂಟ್ ಆಗಿದೆ ಸರ್, ಆದರೆ ಬರೀ ಬಾಯಿಮಾತು' ಎಂದು ಉತ್ತರ ಬಂತು. ಮುಂದಿನ ತಿಂಗಳ ಸಭೆಯಲ್ಲಿ ಈ ಬರಹವನ್ನೇ ಅದೇ ವೇದಿಕೆಯ ಮೇಲೆ, ಅದೇ ಮೈಕಿನಲ್ಲಿ ಓದುತ್ತೇನೆ. ನಗುವವರು ನಗಲಿ. ಅವತ್ತು ಟೆಂಟಿನಲ್ಲಿ ನಾನಿದ್ದೆನೇ ಎಂಬುದು ಈಗಲೂ ತಿಳಿಯದು. ಆ ಹುಡುಗಿ ಉಸಿರಾಡಿದ್ದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ, ಅದಕ್ಕೆ ಮಾತ್ರ ಯಾವ ಸಾಕ್ಷಿಯೂ ಬೇಡ.

ಒಂದು ಸಂಶಯ ಉಳಿದಿತ್ತು. ಅಷ್ಟು ಹತ್ತಿರದಲ್ಲಿ ಅಡ್ಡ ಇಟ್ಟ ಕೈ ಪರದೆಯ ಮೇಲೆ ಕೈಯಾಗಿ ಕಾಣುತ್ತದೆಯೇ, ಬರೀ ಕತ್ತಲಾಗುತ್ತದೆಯೇ? ಕಾಲೇಜಿನ ಕೋಣೆಯೊಂದರ ಕಿಟಕಿ ಮುಚ್ಚಿಸಿ, ಪ್ರೊಜೆಕ್ಟರ್ ಹಚ್ಚಿ, ನೋಡಿ ಹೇಳಲು ಅಟೆಂಡರ್‌ನನ್ನು ಪರದೆಯ ಹತ್ತಿರ ನಿಲ್ಲಿಸಿ, ಬೆಳಕಿಗೆ ನನ್ನ ಕೈ ಅಡ್ಡ ಹಿಡಿದು ನೋಡಿದೆ. ಲೆನ್ಸಿಗೆ ಒತ್ತಿ ಹಿಡಿದರೆ ಏನೂ ಕಾಣುವುದಿಲ್ಲ. ಒಂದು ಮೊಳ ಮುಂದೆ ಹಿಡಿದರೆ ಐದು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ ಬೀಳುತ್ತವೆ.